ಹಾಲಿಗೆ ಬಿದ್ದ ಮೀನು

ಬೆಟಗೇರಿಯ ನಮ್ಮ ಮನೆಗೋಡೆಯ ಮಾಡದಲ್ಲಿ ನೀಲಿ ಅಂಚಿನ ಪಿಂಗಾಣಿ ಬೋಗುಣಿಯೊಂದಿದೆ. ಅಂಚಿನಲ್ಲೊಂದು ಚೆಕ್ಕೆ ಹಾರಿದ್ದರೂ ಅದರ ಠೀವಿ ಕುಂದಿಲ್ಲ. ಹೇಗೆ ಕುಂದೀತು ಗೆಳೆಯರೇ, ಅದು ನನ್ನ ಅವ್ವ ಗೆದ್ದ ಬೋಗುಣಿ!

ಸ್ವಾತಂತ್ರ್ಯ ಬಂದ ವರ್ಷ ಅವ್ವ ಗದಗಿನ ರೈಲ್ವೆ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿದ್ದ ಸ್ಕಾಟ್ಲೆಂಡಿನ ಮುದುಕ ಸಾಹೇಬರು ಜ್ವರದಿಂದೆದ್ದರೂ ಬಾಯಿ ಕೆಟ್ಟು, ಬಡಿಸಿದ್ದೆಲ್ಲವನ್ನೂ ತಳ್ಳಿ ದಿನದಿನಕ್ಕೆ ಸವೆಯುತ್ತಿದ್ದರು. ಅವರಿಗೆ ಬೇಕಾಗಿದ್ದುದು ಅವರ ತಾಯಿ ಮಾಡುತ್ತಿದ್ದ 'ಕಲನ್ ಸ್ಕಿಂಕ್' ಎಂಬ ಸಾರು: ಹೊಗೆಯಾಡಿಸಿದ ಮೀನು, ಬಟಾಟೆ, ಉಳ್ಳಾಗಡ್ಡಿ, ಮೇಲೆ ಹಾಲು.

ಹಾಲೂ ಮೀನೂ ಕೂಡಿದರೆ ತೊನ್ನು ಎಂಬುದು ನಮ್ಮ ಕಡೆ ವೇದವಾಕ್ಯ. ಸುದ್ದಿ ಕೇಳಿದ್ದೇ ತಡ, ಅಜ್ಜಿ ಸಿಡಿದೆದ್ದಳು.

"ಅಯ್ಯ ನಮ್ಮವ್ವಾ, ಹಾಲಿನ್ಯಾಗ ಮೀನ? ಅದನ್ನ ಬಾಯಿಗಿಟ್ಟಿ ಅಂದ್ರ ನನ್ನ ಒಲಿ ಮುಟ್ಟಬ್ಯಾಡ!"

"ರುಚಿ ನೋಡಲಾರದ್ದನ್ನ ನಾ ಯಾರಿಗೂ ಬಡಸಂಗಿಲ್ಲರಿ ಅತ್ತಿ," ಎಂದಳು ಅವ್ವ. "ತೊನ್ನು ಬಂದ್ರ ನನ್ನ ಮೈಗೇ ಬರಲಿ."

ಶಿರಹಟ್ಟಿ ಸೀಮೆಯ ಹೊಳೆದಂಡೆ ಅವಳ ತವರು. ಅಲ್ಲಿಂದ ತರಿಸಿದ ಮೀನನ್ನು ಹತ್ತಿಕಟ್ಟಿಗೆಯ ಹೊಗೆಗೆ ತೂಗುಹಾಕಿ, ಮುಳ್ಳು ಬಿಡಿಸಿ, ಹಾಲಿನಲ್ಲಿ ಕುದಿಸಿ, ಮೊದಲ ಗುಟುಕನ್ನು ತಾನೇ ಕುಡಿದು ಬಡಿಸಿದಳು. ಸಾಹೇಬರು ಒಂದು ಗುಟುಕಿಗೇ ಕಣ್ಣು ಮುಚ್ಚಿದರು. ಅವ್ವ ಗಾಬರಿಯಿಂದ ಹತ್ತಿರ ಓಡಿದಳು. ಆಮೇಲೆ ಅವರು ಬರಿದಾದ ಬೋಗುಣಿಯನ್ನೇ ಅವಳ ಮುಂದೆ ಚಾಚಿದರು! ಚೇತರಿಸಿಕೊಂಡು ಹಡಗು ಹತ್ತಲು ಹೊರಟಾಗ ಅದನ್ನು ಅವಳ ಕೈಗಿತ್ತು ಹೋದರು.

ಅಜ್ಜಿ ಮಾತ್ರ ಜಗ್ಗಲಿಲ್ಲ. ಅವ್ವ ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ದಿನಾ ಮುಂಜಾನೆ ಅಜ್ಜಿ ಅವಳ ತೋಳನ್ನು ಬಿಸಿಲಿಗೆ ತಿರುವಿ ಪರೀಕ್ಷಿಸುವಳು. ಎಳ್ಳಷ್ಟೂ ಬಿಳುಪಿಲ್ಲದ್ದು ಕಂಡು ಅವಳಿಗೇ ನಿರಾಶೆ! ಮುಂಬಯಿ ಸೀಮೆಯವರು, ಮೈಸೂರು ಸೀಮೆಯವರು ಎಂದು ಬೇರೆ ಬೇರೆ ಒಲೆ ಹೂಡಿಕೊಂಡಿದ್ದ ಕನ್ನಡಿಗರಿಗಿಂತ ನಮ್ಮ ಮನೆಯವರೇನು ಜಾಣರಾಗಿದ್ದರೇ? ಹೆದರಿಕೆಗೆ ಶಾಸ್ತ್ರವೆಂದು ಹೆಸರಿಟ್ಟು ಎಷ್ಟು ವರ್ಷ ರುಚಿ ಕಳೆದುಕೊಳ್ಳುತ್ತೇವೆ ನಾವು!

ಏಕೀಕರಣದ ದಿನ ಓಣಿಯಲ್ಲಿ ಪೇಡೆ ಹಂಚುತ್ತಿದ್ದಾಗ ಅಜ್ಜಿ ಹಿತ್ತಲಿಗೆ ಬಂದು ಕುಳಿತಳು. "ನಾಡ ಕೂಡೇತಂತ. ನಿನ್ನ ಹಾಲು-ಮೀನ ಒಂದೀಟ ಹಾಕು, ನೋಡೂಣು."

ಅಂದೇ ಮೀನು ತರಿಸಿ ಹೊಗೆಗೆ ಹಾಕಿದ ಅವ್ವ, ಮರುದಿನ ಸಾಹೇಬರ ಬೋಗುಣಿಯಲ್ಲೇ ಬಡಿಸಿದಳು. ಅಜ್ಜಿ ತಳ ಕಾಣುವವರೆಗೂ ತಲೆ ಎತ್ತಲಿಲ್ಲ.

ಈ ಸಾರು ಎಲ್ಲಿ ಸಿಗುತ್ತದೆಂದು ಕೇಳುತ್ತೀರಾ? ಗದಗಿನ ಯಾವ ಖಾನಾವಳಿಯಲ್ಲೂ ಇಲ್ಲ. ನಮ್ಮ ಮನೆಗೇ ಬನ್ನಿ. ಬೋಗುಣಿಯ ಚೆಕ್ಕೆ ಹಾರಿದ ಅಂಚನ್ನೂ ಮುಟ್ಟಿ ನೋಡಿ. ಅಂದು ಅಜ್ಜಿ ಬರಿದಾದ ಬೋಗುಣಿಯನ್ನು ಕಲ್ಲಿನ ಮೇಲೆ ಟಕ್ಕನೆ ಕುಕ್ಕಿ ಗದರಿದಾಗ ಹಾರಿದ್ದು ಆ ಚೆಕ್ಕೆ:

"ಇಷ್ಟ ಯಾಕ ಹಾಕೀದಿ? ಒಳಗಿನ ಒಲಿ ಮ್ಯಾಲೆ ದೊಡ್ಡ ಗಡಿಗಿ ಇಡು!"