ಎಪ್ಪತ್ತೊಂದರ ಕೆಳಗಿನ ‘ಬಿ’

ಸಮೀಕ್ಷೆ ಕಚೇರಿಯಲ್ಲಿ ಅವಳಿಗೆ ಅಕ್ಷರದಕ್ಕ ಅಂತಲೇ ಹೆಸರು. ಕೋಷ್ಟಕದ ಅಂಕಿಗಳ ಕೆಳಗೆ ಬೀಳುವ ಎ, ಬಿ, ಸಿಗಳನ್ನು ಹತ್ತೊಂಬತ್ತು ವರ್ಷದಿಂದ ಅವಳೇ ನೋಡಿಕೊಳ್ಳುತ್ತಿದ್ದಳು. ಒಂದು ಅಂಕಿಯ ಕೆಳಗೆ ‘ಬಿ’ ಇದ್ದರೆ ಅದು ಬಿ ಕಾಲಮ್ಮಿನ ಗುಂಪಿಗಿಂತ ನಿಜವಾಗಿಯೂ ಹೆಚ್ಚು ಅಂತ ಅರ್ಥ. ಅಕ್ಷರ ಇಲ್ಲದಿದ್ದರೆ ಆ ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು. ಅವಳೋ ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡಿ ಬಾಗಿಲು ಹಾಕುವವಳು. ಇಂಥವಳ ಕೈಯಲ್ಲಿ ತಪ್ಪಾಗುವುದೇ ಇಲ್ಲ ಅಂತ ಎಲ್ಲರೂ ನಂಬಿದ್ದರು, ಅವಳೊಬ್ಬಳನ್ನು ಬಿಟ್ಟು.

ಆ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕುಗಳ ವರದಿಯನ್ನು ಫೈಲಿಗೆ ಸೇರಿಸುತ್ತಿದ್ದಾಗ ಅವಳ ಕಣ್ಣು ಒಂದು ಅಂಕಿಯ ಮೇಲೆ ನಿಂತಿತು. ಊರಿನ ಮೂರು ಕ್ಲಿನಿಕ್ಕುಗಳಲ್ಲಿ ಯಾವುದನ್ನು ಮುಚ್ಚಬೇಕು ಅಂತ ಅವುಗಳನ್ನು ನಡೆಸುವವರ ಹನ್ನೊಂದು ಗಂಟೆಯ ಸಭೆ ಈ ವರದಿ ನೋಡಿಯೇ ತೀರ್ಮಾನಿಸುವುದಿತ್ತು. ಮಾರುಕಟ್ಟೆಯ ಕ್ಲಿನಿಕ್ಕಿನಲ್ಲಿ ತೃಪ್ತರು ನೂರಕ್ಕೆ ಎಪ್ಪತ್ತೊಂದು, ನಿಲ್ದಾಣದ್ದರಲ್ಲಿ ಐವತ್ತಾರು, ಸೇತುವೆಯದರಲ್ಲಿ ಐವತ್ತೆಂಟು. ಎಪ್ಪತ್ತೊಂದರ ಕೆಳಗೊಂದು ‘ಬಿ’. ಶುಕ್ರವಾರ ಮ್ಯಾನೇಜರ್ “ನಿಲ್ದಾಣದ್ದನ್ನ ಎರಡನೇ ಕಾಲಮ್ಮಿಗೆ ತನ್ನಿ” ಅಂದಾಗ ಅವಳು ಕಾಲಮ್ಮುಗಳನ್ನು ಹಾಗೇ ಎತ್ತಿ ಆಚೀಚೆ ಇಟ್ಟಿದ್ದಳು. ಅಕ್ಷರ ಹಾಕುವ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿರಲಿಲ್ಲ. ಸೇತುವೆಯದನ್ನು ತೋರಿಸುತ್ತಿದ್ದ ‘ಬಿ’ ಈಗ ನಿಲ್ದಾಣದ್ದರ ತಲೆಗೆ ಬಂದಿತ್ತು.

ಕೂಡಲೇ ಪರೀಕ್ಷೆ ಓಡಿಸಿದಳು. ‘ಸಿ’ ಬಂತು, ಈಗ ಮೂರನೇ ಕಾಲಮ್ಮಿನಲ್ಲಿರುವ ಸೇತುವೆಯದು. ನಿಲ್ದಾಣದಲ್ಲಿ ಉತ್ತರ ಕೊಟ್ಟವರು ನಲವತ್ತೇ ಜನ, ಅಷ್ಟರಿಂದ ಗಟ್ಟಿಯಾಗಿ ಏನೂ ಹೇಳುವ ಹಾಗಿಲ್ಲ. ಸೇತುವೆಯಲ್ಲಿ ಮುನ್ನೂರು. ಅಲ್ಲಿನ ಕೊರತೆ ನಿಜ.

ಸೇತುವೆಯ ಕ್ಲಿನಿಕ್ಕಿನಲ್ಲಿ ಅವಳ ಒಡಹುಟ್ಟಿದ ತಂಗಿ ನರ್ಸು. “ನಿದ್ದೇನೇ ಬರ್ತಿಲ್ಲ ಕಣಕ್ಕ, ಈ ವಯಸ್ಸಲ್ಲಿ ನನ್ನ ಇನ್ಯಾರು ಕೆಲಸಕ್ಕೆ ತಗೋತಾರೆ?” ಅಂತ ಹಿಂದಿನ ದಿನವಷ್ಟೇ ಅತ್ತಿದ್ದಳು.

ಗಂಟೆ ಹತ್ತೂ ಇಪ್ಪತ್ತು. ಬಾಯಿ ಮುಚ್ಚಿಕೊಂಡು ಕೂತರೆ ಮುಗಿಯಿತು, ನಿಲ್ದಾಣದ್ದು ಮುಚ್ಚುತ್ತದೆ, ತಂಗಿಯದು ಉಳಿಯುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆ ಕೂರಬೇಕು ಅಂತ ತನಗೆ ಎಷ್ಟು ಆಸೆಯಾಗುತ್ತಿದೆ ಅನ್ನುವುದು ಗೊತ್ತಾದಾಗ ಅವಳಿಗೆ ತನ್ನ ಕೆಲಸ ಹೋಗುವುದಕ್ಕಿಂತ ಹೆಚ್ಚು ಭಯವಾಯಿತು. ಹಾಳೆ ಹಿಡಿದು ಎದ್ದಳು.

ಮ್ಯಾನೇಜರ್ ಎಲ್ಲ ಕೇಳಿ ತಲೆ ಕೆರೆದುಕೊಂಡರು. “ಕಳಿಸಿ ಆಯ್ತಲ್ಲಮ್ಮ. ಒಂದಕ್ಷರ ಆಚೀಚೆ ಆಗಿದ್ದು ಯಾರಿಗೆ ಗೊತ್ತಾಗುತ್ತೆ? ಸಭೆ ಮುಗೀಲಿ. ಊಟ ಆದಮೇಲೆ ಕೂತು ಮಾತಾಡೋಣ.”

“ಈಗಲೇ ಸಭೆಯವರಿಗೆ ಫೋನ್ ಮಾಡಿ ಸಾರ್,” ಅವಳು ಹಾಳೆಯನ್ನು ಅವರ ಮುಂದಿಟ್ಟಳು. “ಸೇತುವೆ ಕ್ಲಿನಿಕ್ಕಲ್ಲಿ ನನ್ನ ತಂಗಿ ಇದ್ದಾಳೆ. ಊಟದ ಹೊತ್ತಿಗೆ ನನಗೆ ಈ ಧೈರ್ಯ ಇರಲ್ಲ.”

ಮ್ಯಾನೇಜರ್ ಅವಳ ಮುಖವನ್ನೇ ನೋಡಿದರು. ಆಮೇಲೆ ಫೋನ್ ಕೈಗೆತ್ತಿಕೊಂಡು ನಂಬರ್ ಒತ್ತಿದರು.

ಆ ಕಡೆಯವರು ಎತ್ತದೇ ಇರಲಿ, ಎತ್ತದೇ ಇರಲಿ ಅಂತ ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಎತ್ತಿದರು.