ಒಲೆ ಮಾಮನ ಬಲಗಣ್ಣು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮುಂಬಯಿಯ ಕಾರ್ಖಾನೆಯೊಂದರಲ್ಲಿ ಗಾಜಿನ ನಳಿಗೆ ಊದುತ್ತ, ಬಿಸಿ ಗಾಜು ಮುಟ್ಟುತ್ತ ಚರ್ಮ ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಅವರ ಊರಾದ ಹೆಮ್ಮಾಡಿಯ ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸಲು ಒಮ್ಮೆಯೂ ಒಪ್ಪಲಿಲ್ಲ. ಊರಿಗೆಲ್ಲ ಗುರುತಿದ್ದ ಮನುಷ್ಯ ಯಂತ್ರಕ್ಕೆ ಮಾತ್ರ ಅಪರಿಚಿತ ಎಂದು ನಾವು ನಗುತ್ತಿದ್ದೆವು.

ಬ್ರಹ್ಮಾವರದ ಕಡೆಯ ಕಾಲೇಜೊಂದರ ಹಿಂಭಾಗದಲ್ಲಿದ್ದ ಸಣ್ಣ ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುವುದು ಅವರ ಕೆಲಸ. ಅವರ ಬಾಯಲ್ಲಿ ಅದು ಕುಲುಮೆಯಲ್ಲ, ಒಲೆ. ಹಾಗಾಗಿ ನಮಗೆ ಅವರು ಒಲೆ ಮಾಮ. ನಾನು ತೆಕ್ಕಟ್ಟೆಯ ಮೀನು ಮಾರುವ ಮನೆಯಿಂದ ಅಲ್ಲಿಗೆ ಸಂಶೋಧನೆಗೆ ಸೇರಿದವಳು. ಪುಸ್ತಕದಲ್ಲಿ ಎಲ್ಲ ಓದಿದ್ದೆ, ಗಾಜು ಕರಗುವುದನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ನಮ್ಮ ಕೆಲಸ ಹೇಳಲು ಸುಲಭ. ಗಾಜಿಗೆ ಎರ್ಬಿಯಂ, ಇಟರ್ಬಿಯಂ ಎಂಬ ವಿರಳ ಲೋಹಗಳನ್ನು ಚಿಟಿಕೆಯಷ್ಟು ಬೆರೆಸಿ ಕರಗಿಸಬೇಕು, ಅದನ್ನು ಕೂದಲಿನಷ್ಟು ಸಣ್ಣ ಎಳೆಯಾಗಿ ಎಳೆಯಬೇಕು, ಆ ಎಳೆಯನ್ನು ಮತ್ತೆ ಹದವಾಗಿ ಕಾಯಿಸಬೇಕು. ಆಗ ಗಾಜಿನೊಳಗೆ ಆ ಲೋಹವನ್ನು ಹಿಡಿದಿಟ್ಟ ನ್ಯಾನೊ ಹರಳುಗಳು ಮೂಡುತ್ತವೆ. ಅಂಥ ಎಳೆಯಿಂದ ಒಳ್ಳೆಯ ಲೇಸರ್ ಮಾಡಬಹುದು. ಕಾವು ತುಸು ಹೆಚ್ಚಾಯಿತೋ, ಹರಳು ದಪ್ಪವಾಗಿ ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ, ಬೆಳಕು ಚೆದುರಿಹೋಗುತ್ತದೆ. ಮೊದಲ ವರ್ಷವಿಡೀ ನನ್ನದು ಹಾಲೇ ಆಯಿತು, ಡೈರಿ ಇಡಬಹುದಿತ್ತು.

"ಕಾಂಬುಕೆ ಬಾವಿ ನೀರಿನ್ ಹಾಂಗ್ ಇರ್ಕ್ ಹೆಣೆ. ಒಳ್ಗ್ ಎಂತ ಆಯ್ತ್ ಅಂದೇಳಿ ಹೊರ್ಗಿನವ್ರಿಗ್ ಗೊತ್ತಾಪುಕಾಗ," ಎಂದು ಒಳ್ಳೆಯ ಎಳೆಯ ಗುಣ ಹೇಳುತ್ತಿದ್ದರು ಮಾಮ.

ಮಾಪಕಗಳ ಮೇಲೆ ಅವರಿಗೆ ಭರವಸೆ ಕಡಿಮೆ. ಎಳೆಯ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದನ್ನು ಬಲಗಣ್ಣಿನ ಹತ್ತಿರ ತಂದು, ಎಡಗಣ್ಣು ಮುಚ್ಚಿ ನೋಡುವರು. ಎರಡು ನಿಮಿಷ ಕಡಿಮೆ ಕಾಯಿಸು ಎಂದರೆ ಮುಗಿಯಿತು, ಅದೇ ಸರಿಯಾಗುತ್ತಿತ್ತು. ನನ್ನ ಮೊದಲ ತಿಳಿಯಾದ ಎಳೆ ಹುಟ್ಟಿದ್ದು ಹೀಗೆ. ಅದರೊಳಗೆ ಅವಗೆಂಪು ಲೇಸರ್ ಹಾಯಿಸಿದೆವು. ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಹರಳುಗಳಿಗೆ ತಾಗಿದರೆ ಎಳೆಯುದ್ದಕ್ಕೂ ಹಸಿರು ಹೊಳೆಯುತ್ತದೆ. ನಾನು ಕುಣಿದೆ. ಮಾಮ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಒಲೆಯ ಹತ್ತಿರ ಹೋದರು.

ಲೇಸರ್ ಇರುವಾಗ ಹಾಕಬೇಕಾದ ಕನ್ನಡಕ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಗಾಜು ನೋಡಲು ಬರಿಗಣ್ಣೇ ಬೇಕು ಎಂಬುದು ಮಾಮನ ಹಟ. ಎಳೆ ಹಸಿರಾಗಿದ್ದರೆ ಲೇಸರ್ ಇದೆ, ಇಲ್ಲದಿದ್ದರೆ ಆರಿದೆ ಎಂಬುದು ಅವರ ಲೆಕ್ಕ. ದಿನವೂ ಹರಳಿನ ಎಳೆಗಳನ್ನೇ ನೋಡುತ್ತಿದ್ದವರಿಗೆ ಅದು ತಪ್ಪಿರಲೂ ಇಲ್ಲ. ನನಗೂ ಅದು ತಪ್ಪೆನ್ನಿಸಲಿಲ್ಲ, ಕನ್ನಡಕ ಹಾಕಿ ಎಂದು ಹೇಳಬೇಕಾದವಳು ನಾನಾಗಿದ್ದೆ.

ಒಂದು ಬೆಳಿಗ್ಗೆ ಹೋಲಿಕೆಗೆಂದು ಲೋಹ ಬೆರೆಸದ ಬರೀ ಗಾಜಿನ ಎಳೆಯನ್ನು ಲೇಸರಿಗೆ ಜೋಡಿಸಿದ್ದೆ. ಅದರಲ್ಲಿ ಹರಳಿಲ್ಲ, ಹಸಿರೂ ಇಲ್ಲ. ಅಷ್ಟರಲ್ಲಿ ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಕರೆದರು, ಹೋದೆ. ಹಿಂದಿರುಗಿದಾಗ ಮಾಮ ಮಣೆಯ ಮೇಲೆ ಕುಳಿತು ಬೈರಾಸಿನ ತುದಿಯಿಂದ ಬಲಗಣ್ಣು ಉಜ್ಜುತ್ತಿದ್ದರು. ಏನಾಯಿತು ಎಂದು ಕೇಳಿದೆ. ಧೂಳು ಬಿತ್ತು ಎಂದರು. ಲೇಸರಿನ ಕೀಲಿ ಆರಿಸಿದ ಕಡೆಗೆ ತಿರುಗಿತ್ತು. ನಾನೇ ಆರಿಸಿ ಹೋಗಿದ್ದೆ ಅಂದುಕೊಂಡೆ.

ಆ ಮೇಲೆ ಅವರು ಎಡಗಣ್ಣಿನಿಂದ ನೋಡತೊಡಗಿದರು. ಬಲಗಣ್ಣಿಗೆ ಪಿಂಚಣಿ ಕೊಟ್ಟಿರಾ ಮಾಮ ಎಂದು ನಾನು ಕೀಟಲೆ ಮಾಡಿದೆ.

"ಎಡದ್ ಕಣ್ಣ್ ಇಷ್ಟ್ ದಿನ ಕೂಕಂಡ್ ಉಂಡಿತ್ತ್ ಅಲ್ದಾ, ಇನ್ನ್ ಅದ್ ದುಡೀಲಿ," ಎಂದರು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆರು ವರ್ಷ ಹೀಗೇ ಕಳೆಯಿತು. ನನ್ನ ಪ್ರಬಂಧ ಮುಗಿಯಿತು, ಅದೇ ಪ್ರಯೋಗಾಲಯದಲ್ಲಿ ಕೆಲಸವೂ ಸಿಕ್ಕಿತು. ಕಳೆದ ಮಳೆಗಾಲದಲ್ಲಿ ಎದೆನೋವು ಬಂದು ಮಾಮ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಹೆಮ್ಮಾಡಿಗೆ ಹೋದೆ. ಊಟದ ನಂತರ ಅವರ ಹೆಂಡತಿ ನನ್ನ ಪಕ್ಕ ಬಂದು ಕುಳಿತರು. ಮಾಮನ ಕಣ್ಣುಗಳನ್ನು ದಾನ ಕೊಟ್ಟ ವಿಷಯ ಹೇಳಿ, ಮಾತಿನ ನಡುವೆ ಸಹಜವಾಗಿ ಅಂದರು: "ಬಲದ್ದ್ ಕಾಂತಿರ್ಲಿಲ್ಲ ಅಲ್ದಾ, ಅದನ್ನ್ ತಕಂತ್ರೋ ಇಲ್ಯೋ ಅಂದೇಳಿ ನಂಗ್ ಹೆದ್ರಿಕಿ ಇದ್ದಿತ್."

ನನಗೆ ಅರ್ಥವಾಗಲಿಲ್ಲ. ಕಾಣುತ್ತಿರಲಿಲ್ಲವೇ ಎಂದು ಕೇಳಿದೆ. ಆರು ವರ್ಷದಿಂದ, ಎಂದರು. ಕುಂದಾಪುರದ ಕಣ್ಣಿನ ಡಾಕ್ಟರು ಹೇಳಿದ್ದರಂತೆ, ಒಳಗಿನ ಪರದೆ ನಡುವಿನಲ್ಲೇ ಬೆಳಕಿನಿಂದ ಸುಟ್ಟಿದೆ, ಅದು ಸರಿಯಾಗುವುದಿಲ್ಲ ಎಂದು.

ಬೈರಾಸು, ಧೂಳು, ತಿರುಗಿದ್ದ ಕೀಲಿ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಆರಿಸಿದ್ದು ನಾನಲ್ಲ. ಹಸಿರಿಲ್ಲದ ಎಳೆ ಕಂಡು ಲೇಸರ್ ಆರಿದೆಯೆಂದು ಅದನ್ನು ಕಣ್ಣಿಗೆ ಹಿಡಿದಿದ್ದರು, ಕಣ್ಣು ಸುಟ್ಟ ಮೇಲೆ ಅವರೇ ಎದ್ದು ಆರಿಸಿದ್ದರು. ಲೇಸರ್ ಹಾಗೇ ಬಿಟ್ಟು ಹೋದವಳು ನಾನೇ ಎಂದು ಮಾಮನ ಹೆಂಡತಿಗೆ ಹೇಳಿದೆ.

"ಗೊತ್ತಿತ್ತ್ ಮಗಾ. ಅವತ್ತೇ ಹೇಳಿದ್ರ್," ಎಂದರು ಅವರು. "ಗೊತ್ತಾರೆ ಆ ಹೆಣ್ಣ್ ಇನ್ನ್ ಲೇಸರ್ ಮುಟ್ಟೂದಿಲ್ಲ, ಯಾರ್ಹತ್ರೂ ಹೇಳುಕಾಗ ಅಂದ್ರ್. ಈಗ ನೀ ಓದಿ ಆಯ್ತಲ್ಲ, ಅದ್ಕ್ ಹೇಳ್ದೆ."

ಆ ಆರು ವರ್ಷ ನನ್ನ ಪ್ರತಿಯೊಂದು ಎಳೆಯನ್ನು ಹದಕ್ಕೆ ತಂದದ್ದು ಅವರಿಗೆ ಉಳಿದಿದ್ದ ಒಂದೇ ಕಣ್ಣು. ಆ ಕಣ್ಣಿನ ಎದುರು ನಿಂತು ನಾನು ಪಿಂಚಣಿಯ ಕೀಟಲೆ ಮಾಡಿದ್ದೆ. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಈಗ ನನ್ನ ವಿದ್ಯಾರ್ಥಿಗಳು ಕೋಣೆಯಿಂದ ಹೊರಗೆ ಕಾಲಿಡುವ ಮುನ್ನ ಲೇಸರಿನ ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟೇ ಹೋಗಬೇಕು. ಮೇಡಮ್ ಸ್ವಲ್ಪ ಅತಿ ಎಂದು ಅವರು ಮಾತಾಡಿಕೊಳ್ಳುವುದು ನನಗೆ ಗೊತ್ತು.

ಆ ದಿನ ಹೊರಡುವಾಗ, ಬಲಗಣ್ಣನ್ನು ಕಡೆಗೆ ತೆಗೆದುಕೊಂಡರೇ ಎಂದು ಕೇಳಿದೆ.

"ತಕಂಡ್ರ್ ಮಗಾ. ಸುಟ್ಟದ್ದ್ ಹಿಂದಿನ್ ಪರ್ದೆ ಮಾತ್ರ ಅಂಬ್ರ್," ಎಂದರು. "ಮುಂದಿನ್ ಗಾಜ್ ಲಾಯ್ಕ್ ಇತ್ತಂಬ್ರ್, ಬಾವಿ ನೀರಿನ್ ಹಾಂಗ್."