ಚಿಕ್ಕಮ್ಮನ ಎರಡನೇ ನಡಿಗೆ

ಇಸಳೂರಿನ ನನ್ನ ಚಿಕ್ಕಮ್ಮನಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಕಾಯಿಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆಗಷ್ಟೇ ಎರಡು ಸಾವಿರದ ಇಸವಿ ದಾಟಿತ್ತು. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತ, ಅಂಥದೇ ನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಂಶೋಧನೆಗೆ ಬಿದ್ದಿದ್ದೆ. ಚಿಕ್ಕಮ್ಮ ತನ್ನ ಸ್ಕ್ಯಾನು, ವರದಿ ಎಲ್ಲ ಕೊಟ್ಟಿದ್ದಳು. ಆರು ನಿಮಿಷ ನಡೆದ ಮೇಲಿನ ನಾಡಿಬಡಿತವೊಂದು ಬಾಕಿಯಿತ್ತು.

ಒಂದು ಭಾನುವಾರ ನಾನು ಇಸಳೂರಿಗೆ ಹೋಗಿ ಸ್ಟಾಪ್‌ವಾಚ್ ಹಿಡಿದು ಕೂತೆ; ಅವಳು ಅಂಗಳದಲ್ಲಿ ನಡೆಯತೊಡಗಿದಳು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ, "ಆ ಕಂಪ್ಯೂಟರ್ ಎಂತ ಮಾಡ್ತು ಮಾರಾಯ?" ಎಂದ. ಕೇಳಿದ್ದೇ ತಡ, ಅಡಿಕೆಗೆ ಕೊಳೆಮದ್ದು ಹೊಡೆಯುವ ಪೈಪು ಕಿರಿದಾದರೆ ಪಂಪು ಹೇಗೆ ತಿಣುಕುತ್ತದೆ, ಹೃದಯವೂ ಹಾಗೇ ಎಂದು ಕೈಬಾಯಿ ಆಡಿಸುತ್ತ ವಿವರಿಸಿದೆ. ಅವಳು ದಣಿದು ಬಂದು ಕೂತಾಗ ಸ್ಟಾಪ್‌ವಾಚ್ ನೋಡಿದರೆ ಸೊನ್ನೆ. ಗುಂಡಿ ಒತ್ತಿರಲೇ ಇಲ್ಲ. ಅವಳು ಆರು ನಿಮಿಷ ನಡೆದಳೋ ಹತ್ತೋ, ದೇವರೇ ಬಲ್ಲ.

ಮರೆತೆ ಎನ್ನಲು ಬಾಯಿ ಬರಲಿಲ್ಲ. ಓದಿದವನೆಂಬ ಸೊಕ್ಕು. "ಚಿಕ್ಕಿ, ಇನ್ನೊಂದ್ಸಲ ನಡ್ಯವು. ಎರಡು ಸಲ ಬೇಕು ಹೇಳಿ ಡಾಕ್ಟ್ರು ಹೇಳಿದ್ದ" ಎಂದುಬಿಟ್ಟೆ.

"ಅಡ್ಡಿಲ್ಲೆ ತಮಾ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ಮುಗಿಸಿದಾಗ ತುಟಿ ನೀಲಿಗಟ್ಟಿತ್ತು. ನಾನು ನಾಡಿ ಹಿಡಿದು ಎಣಿಸಿದೆ. ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುವ ಅಂಕಿ! ಖುಷಿಯಲ್ಲಿ, ಅವಳೇ ಸುಧಾರಿಸಿಕೊಂಡು ಒಳಗೆ ಹೋಗಿ ಮಾಡಿ ತಂದ ಕಷಾಯವನ್ನೂ ಕುಡಿದೆ. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ವಾರವೇ ಅವಳ ಕಾಲು ಬಾತುಕೊಂಡು, ಮಲಗಿದರೂ ಉಸಿರು ಸಿಗದಾಯಿತು. ಹುಬ್ಬಳ್ಳಿಗೆ ಕರೆಸಿಕೊಂಡು ಅವಳ ವೈದ್ಯರ ಬಳಿ ಕರೆದೊಯ್ದೆ.

"ನೀವು ಹೇಳಿದ ಹಾಗೆ ಎರಡು ಸಲ ನಡೆದೆ ಡಾಕ್ಟ್ರೇ" ಎಂದಳು.

"ನಾ ಎಲ್ಲಿ ಹೇಳೇನ್ರೀ? ಯಾರು ಹೇಳಿದ್ರು ನಿಮಗ?"

ಚಿಕ್ಕಮ್ಮ ನನ್ನನ್ನು ಒಂದು ಸಲ ನೋಡಿದಳು. ಅವಳಿಗೆ ತಿಳಿದುಹೋಯಿತು. ನಾನು ಚಪ್ಪಲಿ ನೋಡುತ್ತ ನಿಂತೆ.

"ಯಾರೂ ಇಲ್ಲ. ನಾನೇ ತಪ್ಪು ತಿಳಿದುಕೊಂಡೆ. ಇವನು ಬೇಡ ಅಂತಲೇ ಅಂದಿದ್ದ."

ವೈದ್ಯರು ಅವಳನ್ನು ಚೆನ್ನಾಗಿ ಗದರಿದರು. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವರು ನನ್ನ ಕಡೆ ತಿರುಗಿ, "ನೀವಾದ್ರೂ ಓದಿದವ್ರು. ಇವ್ರನ್ನ ಸ್ವಲ್ಪ ನೋಡ್ಕೊಳ್ರಿ" ಎಂದರು.

"ಆಗಲಿ ಸರ್" ಎಂದೆ.